ಪ್ರತಿಕ್ರಿಯೆ: 1965ರ ಒಪ್ಪಂದದಲ್ಲಿನ ಆ ಒಂದು ಪದ

1965ರಲ್ಲೇ ಜಪಾನ್ ಹಣ ಕೊಟ್ಟು ಲೆಕ್ಕ ಚುಕ್ತಾ ಮಾಡಿದ ಮೇಲೆ ದಕ್ಷಿಣ ಕೊರಿಯಾದವರು ಮತ್ತೆ ಪರಿಹಾರ ಕೇಳುವುದು ಸರಿಯೇ ಎಂದು ತಾವು ಕೇಳಿದ್ದೀರಿ. ಅಂದು 30 ಕೋಟಿ ಡಾಲರ್ ಅನುದಾನ, 20 ಕೋಟಿ ಡಾಲರ್ ಸಾಲ ನೀಡಲು ಜಪಾನ್ ಒಪ್ಪಿದ್ದೂ, ಪರಸ್ಪರ ಹಕ್ಕುಬಾಧ್ಯತೆಗಳು ಸಂಪೂರ್ಣವಾಗಿ, ಅಂತಿಮವಾಗಿ ಇತ್ಯರ್ಥವಾದವೆಂದು ಬರೆದುಕೊಂಡದ್ದೂ ನಿಜ. ಆದರೆ ಅದೇ ದಿನ ಸಹಿಯಾದ ಮೂಲ ಸಂಬಂಧಗಳ ಒಪ್ಪಂದವನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಕೊರಿಯಾವನ್ನು ಜಪಾನ್ ತನ್ನೊಳಗೆ ಸೇರಿಸಿಕೊಂಡ 1910ರ ವಿಲೀನದ ಕರಾರು ‘ಈಗಾಗಲೇ’ ಅಸಿಂಧುವಾಗಿದೆ ಎಂದು ಅದು ಹೇಳುತ್ತದೆಯೇ ಹೊರತು ಯಾವಾಗಿನಿಂದ ಎಂದು ಹೇಳುವುದಿಲ್ಲ. ಕರಾರು ಹುಟ್ಟಿದಾಗಲೇ ಅಸಿಂಧು, ಹಾಗಾಗಿ 35 ವರ್ಷಗಳ ಆಳ್ವಿಕೆಯೇ ಅಕ್ರಮ ಎಂದು ಸೋಲ್ ಓದಿಕೊಂಡರೆ, ಆ ಕಾಲಕ್ಕೆ ಅದು ಸಿಂಧುವೇ ಆಗಿತ್ತು, ಬಳಿಕವಷ್ಟೇ ಬಿದ್ದುಹೋಯಿತು ಎಂದು ಟೋಕಿಯೊ ಓದಿಕೊಂಡಿತು. ಸಹಿ ಬೀಳಲೆಂದೇ ಇಟ್ಟ ಜಾಣ ಪದವದು ಎಂಬುದು ನನ್ನ ಎಣಿಕೆ. ವಸಾಹತು ಆಳ್ವಿಕೆ ಅಕ್ರಮವಾಗಿದ್ದರಿಂದ, ಯುದ್ಧಕಾಲದ ಬಲವಂತದ ದುಡಿಮೆಗೆ ಸಿಲುಕಿದವರ ಯಾತನೆಯ ಪರಿಹಾರ ಆ ಇತ್ಯರ್ಥದೊಳಗೆ ಬರುವುದಿಲ್ಲವೆಂದು 2018ರ ಅಕ್ಟೋಬರ್‌ನಲ್ಲಿ ಕೊರಿಯಾದ ಸುಪ್ರೀಂ ಕೋರ್ಟ್ ಹೇಳಿತು. ಈ ತೀರ್ಪಿನಿಂದ ಎರಡೂ ದೇಶಗಳ ಸಂಬಂಧ ಹದಗೆಟ್ಟಿದ್ದಾಗಲೇ, 2019ರ ಜುಲೈನಲ್ಲಿ ಚಿಪ್ ತಯಾರಿಕೆಗೆ ಬೇಕಾದ ಮೂರು ಸಾಮಗ್ರಿಗಳನ್ನು ಕೊರಿಯಾಕ್ಕೆ ರಫ್ತು ಮಾಡುವುದನ್ನು ಜಪಾನ್ ಬಿಗಿಗೊಳಿಸಿತು. 2023ರಲ್ಲಿ ಕೊರಿಯಾ ಸರ್ಕಾರ ತನ್ನದೇ ಪ್ರತಿಷ್ಠಾನದ ಮೂಲಕ ಆ ಪರಿಹಾರದ ಹಣ ನೀಡಲು ಮುಂದಾದಾಗ ಆ ಬಿಗಿ ಸಡಿಲವಾಯಿತಾದರೂ, ಬದುಕುಳಿದಿದ್ದ ವೃದ್ಧ ಅರ್ಜಿದಾರರು ಮೊದಲಿಗೆ ಆ ಹಣವನ್ನು ಬೇಡವೆಂದರು. ಅವರು ಕೇಳುತ್ತಿದ್ದುದು ಜಪಾನಿನ ಕ್ಷಮೆಯನ್ನು.