ಬಡ್ಡಿ ಪಾಪವಾಗಿದ್ದ ಕಾಲದಲ್ಲಿ ಬ್ಯಾಂಕು

ಪ್ರಶ್ನೆ: ಬಡ್ಡಿ ತೆಗೆದುಕೊಳ್ಳುವುದು ಪಾಪವೆಂದು ಹಿಂದೆ ಕ್ರೈಸ್ತ ಧರ್ಮಸಭೆ ನಿಷೇಧಿಸಿತ್ತೆಂದು ಓದಿದ್ದೇನೆ. ಹಾಗಿದ್ದೂ ಇಟಲಿಯಲ್ಲಿ, ಪೋಪರ ಕಣ್ಣೆದುರಿಗೇ, ಬ್ಯಾಂಕುಗಳು ಬೆಳೆದದ್ದು ಹೇಗೆ?
– ಓದುಗರೊಬ್ಬರು, ಶಿರಸಿ

ಉತ್ತರ: ನಿಷೇಧವಿದ್ದದ್ದು ನಿಜ, ಅದು ಕಠಿಣವೂ ಆಗಿತ್ತು. ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪರ ಮಹಾಸಭೆ ಪಾದ್ರಿಗಳು ಬಡ್ಡಿಗೆ ಸಾಲ ಕೊಡಬಾರದೆಂದಿತು. 1179ರ ಮೂರನೆಯ ಲ್ಯಾಟೆರನ್ ಮಹಾಸಭೆ, ಬಹಿರಂಗವಾಗಿ ಬಡ್ಡಿ ವ್ಯವಹಾರ ನಡೆಸುವವರಿಗೆ ಪರಮಪ್ರಸಾದವನ್ನೂ ಕ್ರೈಸ್ತ ವಿಧಿಯ ಶವಸಂಸ್ಕಾರವನ್ನೂ ನಿರಾಕರಿಸಿತು. ಇದನ್ನು ಬರೀ ಮೂಢನಂಬಿಕೆಯೆಂದು ತಳ್ಳಿಹಾಕುವುದು ನನಗೆ ಸರಿಕಾಣುವುದಿಲ್ಲ. ಹಳ್ಳಿಗಾಡಿನ ಸಾಲವೆಂದರೆ ಆಗ ಹೆಚ್ಚಾಗಿ ಹೊಟ್ಟೆಪಾಡಿನ ಸಾಲ; ಬೆಳೆ ಕೈಕೊಟ್ಟ ವರ್ಷ ಬಿತ್ತನೆ ಬೀಜಕ್ಕಾಗಿ ಕೈಯೊಡ್ಡಿದವನಿಂದ ಬಡ್ಡಿ ಕಿತ್ತರೆ ಕೊನೆಗೆ ಅವನ ಹೊಲವೇ ಹೋಗುತ್ತಿತ್ತು.

ದೂರದೇಶದ ವ್ಯಾಪಾರ ಬೆಳೆದಂತೆ ಸಾಲ ಕೇಳುವವರೂ ಬದಲಾದರು. ಈಗ ಸಾಲ ಬೇಕಾದದ್ದು ವರ್ತಕರಿಗೆ; ಅವರ ಉಪಾಯ ನಮ್ಮ ವ್ಯಾಪಾರಿಗಳ ಹುಂಡಿಯನ್ನೇ, ಅಂದರೆ ಬೇರೆ ಊರಿನಲ್ಲಿ ಹಣ ಸಲ್ಲಿಸುವಂತೆ ಬರೆದುಕೊಡುವ ಪತ್ರವನ್ನೇ, ಹೋಲುತ್ತದೆ. ಫ್ಲಾರೆನ್ಸಿನಲ್ಲಿ ಫ್ಲಾರಿನ್ ನಾಣ್ಯ ಪಡೆದ ವರ್ತಕ, ಅದರ ಬದಲಿಗೆ ಮೂರು ತಿಂಗಳ ಬಳಿಕ ಲಂಡನ್ನಿನಲ್ಲಿ ಸ್ಟರ್ಲಿಂಗ್ ಹಣ ಸಲ್ಲಿಸುವಂತೆ ಪತ್ರ ಬರೆದುಕೊಡುತ್ತಿದ್ದ. ಸಾಲಕೊಟ್ಟವನ ಲಾಭ ವಿನಿಮಯ ದರದೊಳಗೆ ಅಡಗಿರುತ್ತಿತ್ತು, ಬಡ್ಡಿಯೆಂಬ ಪದ ಪತ್ರದಲ್ಲಿ ಎಲ್ಲಿಯೂ ಇರುತ್ತಿರಲಿಲ್ಲ. ಅಷ್ಟರಲ್ಲಿ ದರ ಏರುಪೇರಾಗಿ ನಷ್ಟವಾಗುವ ಸಂಭವವೂ ಇದ್ದುದರಿಂದ, ಇದು ಸಾಲವಲ್ಲ, ನಾಣ್ಯದ ಕ್ರಯವಿಕ್ರಯವೆಂದು ಅನೇಕ ಧರ್ಮಶಾಸ್ತ್ರಜ್ಞರು ಒಪ್ಪಿದರು. 1397ರಲ್ಲಿ ಆರಂಭವಾದ ಮೆಡಿಚಿ ಬ್ಯಾಂಕು ಈ ವ್ಯವಹಾರದಲ್ಲಿ ಪಳಗಿತ್ತು. ಪೋಪರ ಹಣಕಾಸನ್ನೂ ಅದೇ ನೋಡಿಕೊಳ್ಳುತ್ತಿತ್ತು. ಅಡಿಕೆ ಬೆಳೆಗಾರ ದಲಾಲಿ ಅಂಗಡಿಯಲ್ಲಿ ಮುಂಗಡ ಪಡೆದು, ಕೊಯಿಲಾದ ಮೇಲೆ ಅದೇ ಅಂಗಡಿಗೆ ಅಡಿಕೆ ಹಾಕುವುದನ್ನು ಬಲ್ಲ ಶಿರಸಿಯವರಿಗೆ, ಸಾಲಕ್ಕೂ ಮಾರಾಟಕ್ಕೂ ನಡುವಿನ ಗೆರೆ ಎಷ್ಟು ತೆಳುವೆಂದು ನಾನು ವಿವರಿಸಬೇಕಾಗಿಲ್ಲ.

ಆದರೆ ಬಡ್ಡಿಯನ್ನು ಬಡ್ಡಿಯಂತೆಯೇ ಎದುರಿಟ್ಟು ಚರ್ಚಿಸುವ ಪ್ರಸಂಗ ಬಂದದ್ದು ಬಡವರ ಗಿರವಿ ಕಟ್ಟೆಯಲ್ಲಿ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. 1462ರಲ್ಲಿ ಪೆರೂಜಾ ನಗರದಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಪ್ರೇರಣೆಯಿಂದ, ಒಡವೆ, ಬಟ್ಟೆಗಳನ್ನು ಅಡವಿಟ್ಟುಕೊಂಡು ಸಣ್ಣ ಸಾಲ ಕೊಡುವ ಸಂಸ್ಥೆ ಹುಟ್ಟಿತು. ನಮ್ಮ ಸೊಸೈಟಿಯ ಬಂಗಾರದ ಸಾಲವನ್ನು ನೆನೆದರೆ ಅದರ ಚಿತ್ರ ಸಿಕ್ಕೀತು. ಲೆಕ್ಕ ಬರೆಯುವವನಿಗೆ ಸಂಬಳ ಕೊಡಬೇಕು, ಅಡವಿಟ್ಟ ವಸ್ತು ಹಾಳಾಗದಂತೆ ಕಾಯಬೇಕು. ಇದಕ್ಕೆಂದು ಸಾಲಗಾರನಿಂದ ಅಲ್ಪಸ್ವಲ್ಪ ಪಡೆದದ್ದನ್ನು ಇತರ ಪಂಗಡದ ಸಂನ್ಯಾಸಿಗಳು, ಮುಖ್ಯವಾಗಿ ಡೊಮಿನಿಕನ್ನರು, ಬಡ್ಡಿಯೆಂದೇ ವಿರೋಧಿಸಿದರು. ಐದು ದಶಕಗಳ ವಾದವಿವಾದದ ಬಳಿಕ, 1515ರಲ್ಲಿ ಹತ್ತನೆಯ ಲಿಯೋ ಪೋಪರ ಕಾಲದ ಐದನೆಯ ಲ್ಯಾಟೆರನ್ ಮಹಾಸಭೆ, ಲಾಭಕ್ಕಾಗಿಯಲ್ಲದೆ ನಿರ್ವಹಣೆಯ ಖರ್ಚಿಗಷ್ಟೇ ಪಡೆದರೆ ಅದು ಪಾಪವಲ್ಲವೆಂದು ತೀರ್ಮಾನಿಸಿತು.