ನೇಮದ ಖರ್ಚಿನಿಂದಲೇ ಬಡವರಾದದ್ದಾ?

ಕಾರ್ಕಳದ ಓದುಗರಿಗೆ ನಮಸ್ಕಾರ. ‘ನಮ್ಮವರು ದೈವಗಳಿಗೆ ಕೋಲ, ಹರಕೆ ಅಂತ ಸಾಲ ಮಾಡಿಯೇ ಬಡವರಾಗಿ ಉಳಿದದ್ದು, ಬೇರೆ ಧರ್ಮದವರು ದುಡ್ಡು ಕೂಡಿಟ್ಟು ಮೇಲೆ ಬಂದ್ರು, ನಮ್ಮ ಕುಟುಂಬದಲ್ಲೂ ಈ ಸಲ ದೈವದ ನೇಮ ಉಂಟು, ಬೇಡ ಅನ್ಲಾ?’ ಅಂತ ಕೇಳಿದ್ದೀರಿ.

ಖರ್ಚಿನ ವಿಷಯ ಸರಿಯೇ ಮಾರಾಯ್ರೆ. ಶಾಮಿಯಾನ, ಲೈಟಿಂಗು, ಊಟ ಅಂತ ಪ್ರತಿ ಮನೆಗೂ ಸಮ ಪಾಲು ಬೀಳ್ತದೆ, ಮುಂಬೈಯಲ್ಲಿ ಹೋಟೆಲ್ ಇಟ್ಟವರಿಗೆ ಅದು ಲೆಕ್ಕಕ್ಕೇ ಇಲ್ಲ, ಬೀಡಿ ಕಟ್ಟುವ ಅಕ್ಕ ಅದೇ ಪಾಲಿಗೆ ಕಿವಿಯ ಬೆಂಡೋಲೆ ಅಡವಿಡ್ಬೇಕು. ಆದ್ರೆ ಬಡತನಕ್ಕೆ ಅದೇ ಕಾರಣ ಅಂದ್ರೆ ನಾನು ಒಪ್ಪುದಿಲ್ಲ.

ನಮ್ಮ ಕರಾವಳಿಯ ಬುಡಕಟ್ಟಿನವರಾದ ಕೊರಗರನ್ನು ನೋಡಿ. ಕೂದಲು, ಉಗುರು ಕಲಸಿದ ಅನ್ನ ಅವ್ರಿಗೆ ತಿನ್ಲಿಕ್ಕೆ ಕೊಟ್ರೆ ಮನೆಯ ದೋಷ ಅವ್ರಿಗೆ ದಾಟ್ತದೆ ಅಂತ ನಂಬಿದವರು ನಮ್ಮ ಊರಿನ ಭಕ್ತರೇ, ಅದಕ್ಕೆ ಅಜಲು ಅಂತ ಹೆಸರು. ಆ ನಂಬಿಕೆಗೆ ಕೊರಗರು ಒಂದು ಪೈಸೆ ಖರ್ಚು ಮಾಡಿದವರಲ್ಲ, ಆದ್ರೂ ಬುಟ್ಟಿ ಹೆಣೆಯುದು, ಡೋಲು ಬಡಿಯುದು, ಕಸ ಗುಡಿಸುದು ಬಿಟ್ರೆ ಅವ್ರಿಗೆ ಬೇರೆ ಕೆಲಸ ಕೊಟ್ಟವರು ಎಷ್ಟು ಜನ? 1974ರ ಭೂಸುಧಾರಣೆಯಲ್ಲಿ ನಮ್ಮ ಜಿಲ್ಲೆಯ ಎಷ್ಟೋ ಒಕ್ಕಲುಗಳಿಗೆ ಗದ್ದೆ ಬಂತು, ಗೇಣಿಗೇ ಗದ್ದೆ ಸಿಗದವರು ಯಾವ ಗದ್ದೆ ನನ್ನದು ಅಂತ ಡಿಕ್ಲರೇಶನ್ ಹಾಕುದು? ಅಜಲು ನಿಷೇಧದ ಕಾನೂನು ಬಂದದ್ದೇ 2000ದಲ್ಲಿ. ಅಷ್ಟು ತಲೆಮಾರು ದುಡಿದೂ ಮಕ್ಕಳಿಗೆ ಬಿಟ್ಟು ಹೋಗ್ಲಿಕ್ಕೆ ಎಂತದೂ ಇಲ್ಲ, ನನಗೆ ಹೊಟ್ಟೆ ಉರಿಯುದು ಅಲ್ಲಿ.

ಇನ್ನು ಬೇರೆ ಧರ್ಮದವರ ಮಾತು. ಬಡ್ಡಿ ಹರಾಂ ಅನ್ನುವ ಧರ್ಮದ ಹಾಜಿ ಅಬ್ದುಲ್ಲಾ ಸಾಹೇಬ್ರು 1906ರಲ್ಲಿ ಉಡುಪಿಯಲ್ಲಿ ಬ್ಯಾಂಕ್ ಕಟ್ಟಿದ್ರು (ಮತ್ತೆ ಅದೇ ಕಾರ್ಪೊರೇಶನ್ ಬ್ಯಾಂಕ್ ಆದದ್ದು), ಅದೇ ವರ್ಷ ಮಂಗಳೂರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಶುರು ಮಾಡಿದ್ರು. ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆಗೆ ಸೇರಿದವರನ್ನು ಜಾತಿಯವರು ಹೊರಗೆ ಹಾಕಿದಾಗ ಅವರ ಹೊಟ್ಟೆ ತುಂಬಿಸಿದ್ದು ಬರೀ ಪ್ರಾರ್ಥನೆಯಲ್ಲ, ಮಿಶನ್‌ನ ನೇಯ್ಗೆ ಮಗ್ಗ, 1865ರಲ್ಲಿ ಶುರುವಾದ ಹಂಚಿನ ಕಾರ್ಖಾನೆ. ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಅನ್ನುವ ಉಳಿತಾಯ ಯೋಜನೆ ತಂದು ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ತಗೊಂಡು ಹೋದಾಗ ಉಳಿತಾಯ ಮಾಡಿದವರಲ್ಲಿ ಹರಕೆ ಹೇಳುವವರೂ ಇದ್ರು. ಕೆಲಸ, ಜಾಗ, ಸಾಲ ಸಿಕ್ಕಿದವರು ಮೇಲೆ ಬಂದ್ರು, ಆದ್ರೆ ಅದು ಯಾರಿಗೆ ಸಿಗ್ಬೇಕು ಅನ್ನುದರಲ್ಲಿ ಜಾತಿ, ಧರ್ಮದ ಕೈ ಜೋರಾಗಿಯೇ ಇತ್ತು.

ನೇಮ ನಿಲ್ಸಿ ಅಂತ ನಾನು ಹೇಳುದಿಲ್ಲ. ಕುಟುಂಬದ ಮೀಟಿಂಗಲ್ಲಿ ನೀವು ಎದ್ದು ನಿಂತು ಪಾಲನ್ನು ಆದಾಯ ನೋಡಿ ಹಾಕುವ ಅಂತ ಹೇಳಿ, ಬೀಡಿ ಕಟ್ಟುವವರ ಹತ್ರ ಕೇಳುದೇ ಬೇಡ ಅಂತ ಹೇಳಿ. ಹಿರಿಯರು ಎಂತ ಹೇಳಿದ್ರು ಅಂತ ನಮಗೆ ಬರೀರಿ, ಪ್ರಿಂಟ್ ಮಾಡ್ತೇವೆ.

– ಸಂ.