ಓಟಾನಿಯನ್ನು ಉಳಿಸಿಕೊಂಡಿದ್ದು ತಪ್ಪಲ್ಲ
2023ರ ಟ್ರೇಡ್ ಗಡುವಿನೊಳಗೆ, ಅಂದರೆ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದಾದ ಕೊನೆಯ ದಿನದೊಳಗೆ, ಅಮೆರಿಕದ ಬೇಸ್‌ಬಾಲ್ ತಂಡ ಏಂಜಲ್ಸ್, ಎಸೆಯುವುದರಲ್ಲೂ ಹೊಡೆಯುವುದರಲ್ಲೂ ಮಿಂಚುವ ಶೊಹೇ ಓಟಾನಿಯನ್ನು ಬಿಟ್ಟುಕೊಡಬೇಕಿತ್ತಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಇಲ್ಲ. ಆ ಜುಲೈ 27 ನೆನಪಿದೆ ಅಲ್ವಾ? ಡೆಟ್ರಾಯಿಟ್‌ನಲ್ಲಿ ಒಂದೇ ದಿನ ಎರಡು ಪಂದ್ಯ. ಮೊದಲನೆಯದರಲ್ಲಿ ಓಟಾನಿ ಒಂಬತ್ತೂ ಇನ್ನಿಂಗ್ಸ್ ತಾವೇ ಎಸೆದು, ಎದುರಾಳಿಗಳಿಗೆ ಒಂದೇ ಹಿಟ್ (ಚೆಂಡು ಹೊಡೆದು ಬೇಸ್ ತಲುಪುವುದು) ಕೊಟ್ಟರು. ಎರಡನೆಯದರಲ್ಲಿ ಎರಡು ಹೋಮ್ ರನ್ ಹೊಡೆದರು. ಅಂಥವರನ್ನು ಕಳಿಸೋಕೆ ಮನಸ್ಸಾದರೂ ಹೇಗೆ ಬರುತ್ತೆ?

ನನಗೆ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಎಡ್ಗರ್ ಕ್ವೆರೊ ಎಂಬ ಎಳೆಯ ಕ್ಯಾಚರ್‌ನನ್ನು ಕೊಟ್ಟು ಪಿಚರ್ (ಚೆಂಡು ಎಸೆಯುವವರು) ಲೂಕಸ್ ಜಿಯೊಲಿಟೊ ಅವರನ್ನು ತಂದರು. ಆಗಸ್ಟ್ ಶುರುವಾಗುತ್ತಲೇ ಸತತ ಏಳು ಸೋಲು. ತಿಂಗಳ ಕೊನೆಗೆ ಜಿಯೊಲಿಟೊ ಅವರನ್ನು ವೇವರ್ಸ್‌ಗೆ ಹಾಕಿದರು, ಅಂದರೆ ಬೇರೆ ತಂಡ ಬೇಕಿದ್ದರೆ ತೆಗೆದುಕೊಳ್ಳಲಿ ಅಂತ ಬಿಟ್ಟರು. ಬದಲಿಗೆ ಒಬ್ಬ ಆಟಗಾರನನ್ನೂ ಕೊಡದೆ ಕ್ಲೀವ್‌ಲ್ಯಾಂಡ್ ತಂಡ ಎತ್ತಿಕೊಂಡಿತು. ಓಟಾನಿಯನ್ನು ಉಳಿಸಿಕೊಂಡು, ಕ್ವೆರೊನನ್ನೂ ಉಳಿಸಿಕೊಳ್ಳಬಹುದಿತ್ತು.